ಕಂಪ್ಯೂಟರ್ ಗೇಮ್‌ಗಳ ಯಂತ್ರಾಂಶ ಅಗತ್ಯಗಳು

ಪಿಸಿ ಗೇಮ್ ನಡೆಯಲು ಎಂಥ ಪ್ರೊಸೆಸರ್, ಎಂಥ ಗ್ರಾಫಿಕ್ಸ್ ಕಾರ್ಡ್, ಎಷ್ಟು ಮೆಮೊರಿ, ಎಷ್ಟು ಡಿಸ್ಕ್ ಜಾಗ, ಯಾವ ಆಪರೇಟಿಂಗ್ ಸಿಸ್ಟಮ್ ಬೇಕೆಂದು ತಯಾರಕರು ಪ್ರಕಟಿಸುವ ಪಟ್ಟಿಗೆ ಸಿಸ್ಟಮ್ ರಿಕ್ವೈರ್‌ಮೆಂಟ್ಸ್ ಎಂದು ಹೆಸರು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಗೇಮ್ ಯಂತ್ರಗಳಲ್ಲಿ ಈ ಗೊಡವೆ ಇಲ್ಲವೆಂದೇ ಹೇಳಬಹುದು. ಅಲ್ಲಿ ಒಂದು ಮಾದರಿಯ ಯಂತ್ರಗಳ ಒಳಗೆಲ್ಲ ಒಂದೇ ಸಾಮಗ್ರಿ. ಪಿಸಿಯನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಜೋಡಿಸಬಹುದಾದ್ದರಿಂದ ಕೊಳ್ಳುವವನ ಮನೆಯ ಯಂತ್ರ ಹೇಗಿದೆಯೆಂಬುದು ಗೇಮ್ ಮಾರುವವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ತಾಳೆ ನೋಡುವ ಕೆಲಸ ಕೊಳ್ಳುವವನದೇ. ಗೇಮ್ 'ನಡೆಯುತ್ತದೆ' ಎಂಬುದಕ್ಕೆ ಹೌದು, ಅಲ್ಲ ಎಂಬ ಎರಡೇ ಉತ್ತರಗಳಿಲ್ಲದಿರುವುದು ಈ ಕೆಲಸವನ್ನು ತೊಡಕಾಗಿಸಿದೆ. ತೆರೆದುಕೊಳ್ಳದೇ ಇರುವುದು, ತೆರೆದರೂ ತಡವರಿಸುವುದು, ಚಿತ್ರದ ಗುಣಮಟ್ಟ ತಗ್ಗಿಸಿದರೆ ಸರಾಗವಾಗುವುದು, ಎಲ್ಲವನ್ನೂ ಏರಿಸಿಟ್ಟರೂ ಅಲುಗಾಡದಿರುವುದು, ಇವೆಲ್ಲ ಬೇರೆ ಬೇರೆ ಸ್ಥಿತಿಗಳು.

ಹಿನ್ನೆಲೆ

ಗೇಮ್‌ಗಳು ಫ್ಲಾಪಿಯಲ್ಲಿ, ಸಿಡಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಈ ಪಟ್ಟಿ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. 1993ರ ಡೂಮ್ ಕೇಳಿದ್ದು 386 ಪ್ರೊಸೆಸರ್ ಮತ್ತು 4 ಎಂಬಿ ಮೆಮೊರಿ. ಅದೇ ತಯಾರಕರ ಕ್ವೇಕ್ 1996ರಲ್ಲಿ ಬಂದಾಗ ಬೇಡಿಕೆ 75 ಮೆಗಾಹರ್ಟ್ಸ್‌ನ ಪೆಂಟಿಯಮ್‌ಗೆ, 8 ಎಂಬಿಗೆ ಏರಿತ್ತು. ಕ್ವೇಕ್‌ನ ಮೂರು ಆಯಾಮದ ಲೆಕ್ಕಾಚಾರ ಪೆಂಟಿಯಮ್‌ನ ದಶಮಾಂಶ ಗಣಿತದ ಘಟಕವನ್ನು ಬಲವಾಗಿ ನೆಚ್ಚಿಕೊಂಡಿತ್ತು. ಕಚೇರಿ ಕೆಲಸದಲ್ಲಿ ಪೆಂಟಿಯಮ್‌ಗೆ ಸರಿಸಾಟಿಯಾಗಿದ್ದ ಸೈರಿಕ್ಸ್ 6ಎಕ್ಸ್86 ಚಿಪ್ ಈ ಗೇಮ್‌ನಲ್ಲಿ ಹಿಂದೆ ಬಿತ್ತು. ವೇಗದ ಒಂದೇ ಅಂಕಿಯಿಂದ ಯಂತ್ರದ ಯೋಗ್ಯತೆ ತಿಳಿಯದು ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಕೊಳ್ಳುವವರ ತಲೆನೋವು ತಗ್ಗಿಸಲು ಎರಡು ದೊಡ್ಡ ಪ್ರಯತ್ನಗಳು ನಡೆದವು. 1991ರ ಮಲ್ಟಿಮೀಡಿಯಾ ಪಿಸಿ ಮಾನಕ 16 ಮೆಗಾಹರ್ಟ್ಸ್‌ನ 386ಎಸ್‌ಎಕ್ಸ್, 2 ಎಂಬಿ ಮೆಮೊರಿ, 30 ಎಂಬಿ ಹಾರ್ಡ್ ಡಿಸ್ಕ್ ಮತ್ತು ಸಿಡಿ ಡ್ರೈವ್ ಇರುವ ಯಂತ್ರಕ್ಕೆ ಒಂದು ಮುದ್ರೆ ಕೊಟ್ಟಿತು. ಸಾಫ್ಟ್‌ವೇರ್ ಪೆಟ್ಟಿಗೆಯ ಮೇಲೂ ಅದೇ ಮುದ್ರೆ ಇದ್ದರೆ ಜೋಡಿ ಕೂಡಿತೆಂದು ಅರ್ಥ. ಎರಡನೆಯ, ಮೂರನೆಯ ಮಟ್ಟಗಳು ಬರುವಷ್ಟರಲ್ಲಿ ಪ್ರತ್ಯೇಕ 3ಡಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದು ಲೆಕ್ಕವೇ ಬದಲಾಯಿತು. ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾದೊಡನೆ ತಂದ ಎಕ್ಸ್‌ಪೀರಿಯನ್ಸ್ ಇಂಡೆಕ್ಸ್ ಯಂತ್ರದ ಒಂದೊಂದು ಭಾಗಕ್ಕೂ 1.0ರಿಂದ 5.9ರವರೆಗೆ ಅಂಕ ಕೊಟ್ಟು, ಅವುಗಳಲ್ಲಿ ಅತಿ ಕಡಿಮೆಯದನ್ನೇ ಯಂತ್ರದ ಒಟ್ಟು ಅಂಕವೆಂದು ತೋರಿಸುತ್ತಿತ್ತು. ಸರಾಸರಿ ತೆಗೆಯದೆ ಕನಿಷ್ಠವನ್ನು ಹಿಡಿದದ್ದು ಜಾಣತನದ ತೀರ್ಮಾನ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಗ್ರಾಫಿಕ್ಸ್ ಸೊರಗಿದ್ದರೆ ಗೇಮ್ ಸೊರಗುತ್ತದೆ. ಆದರೂ ಜನ ಅದನ್ನು ನೆಚ್ಚಲಿಲ್ಲ, ವಿಂಡೋಸ್ 8.1ರಿಂದ ಆ ಅಂಕ ತೆರೆಯಿಂದ ಮರೆಯಾಯಿತು.

ವಿಸ್ಟಾ ಬಂದ ಅವಧಿಯಲ್ಲೇ, 2007ರಲ್ಲಿ, ಜರ್ಮನಿಯ ಕ್ರೈಟೆಕ್ ಸಂಸ್ಥೆಯ ಕ್ರೈಸಿಸ್ ಬಂತು. ಅಂದಿನ ದುಬಾರಿ ಯಂತ್ರಗಳೂ ಅದರ ಅತ್ಯುಚ್ಚ ಗುಣಮಟ್ಟದೆದುರು ಏದುಸಿರು ಬಿಟ್ಟವು. 'ಇದರಲ್ಲಿ ಕ್ರೈಸಿಸ್ ಓಡುತ್ತದೆಯೇ?' ಎಂಬುದು ಯಾವ ಹೊಸ ಕಂಪ್ಯೂಟರ್ ಬಂದರೂ ಕೇಳುವ ಹಾಸ್ಯದ ಪ್ರಶ್ನೆಯಾಗಿ ನಿಂತಿತು. 2020ರ ಮರುಆವೃತ್ತಿಯಲ್ಲಿ ತಯಾರಕರು ಅತ್ಯುಚ್ಚ ಗ್ರಾಫಿಕ್ಸ್ ಆಯ್ಕೆಗೆ ಆ ಪ್ರಶ್ನೆಯನ್ನೇ ಹೆಸರಾಗಿ ಇಟ್ಟರು.

ಕನಿಷ್ಠ ಮತ್ತು ಶಿಫಾರಸು

ಪಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಾಲು: ಕನಿಷ್ಠ ಮತ್ತು ಶಿಫಾರಸು ಮಾಡಿದ್ದು. ಈ ಪದಗಳಿಗೆ ಉದ್ಯಮದಲ್ಲಿ ಒಪ್ಪಿತ ಅರ್ಥವಿಲ್ಲ, ಅಳೆದು ನೋಡುವ ಸ್ವತಂತ್ರ ಸಂಸ್ಥೆಯೂ ಇಲ್ಲ. ಒಬ್ಬ ತಯಾರಕನ ಕನಿಷ್ಠವೆಂದರೆ ಸೆಕೆಂಡಿಗೆ 30 ಫ್ರೇಮ್; ಇನ್ನೊಬ್ಬನದು ಮುಖ್ಯ ಪರದೆ ತೆರೆದರೆ ಸಾಕು ಎಂಬಷ್ಟು. ಸೆಕೆಂಡಿಗೆ 30 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೂ ಸುಮಾರು 33 ಮಿಲಿಸೆಕೆಂಡ್ ಅವಕಾಶ. 60 ಎಂದರೆ 17ಕ್ಕೂ ಕಡಿಮೆ. ಯಾವ ಗುರಿಯನ್ನು ಇಟ್ಟುಕೊಂಡು ಪಟ್ಟಿ ಬರೆದರೆಂದು ಹೇಳದಿದ್ದರೆ ಅದು ಅರ್ಧ ಮಾಹಿತಿಯಷ್ಟೇ. ಪರದೆಯ ರೆಸಲ್ಯೂಷನ್ನಿಗೂ ಇದೇ ಮಾತು. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆ ಪರದೆಯಲ್ಲಿ ಅದರ ನಾಲ್ಕರಷ್ಟು. ಒಂದರಲ್ಲಿ ಸಲೀಸಾದ ಕಾರ್ಡ್ ಇನ್ನೊಂದರಲ್ಲಿ ಮಂಡಿಯೂರುವುದು ಸಹಜ.

ಈಚೆಗೆ ಕೆಲವು ತಯಾರಕರು ವಿವರ ಬಿಡಿಸಿ ಹೇಳುತ್ತಿದ್ದಾರೆ. 2023ರ ಆಲನ್ ವೇಕ್ 2 ಪಟ್ಟಿಯಲ್ಲಿ ರೆಸಲ್ಯೂಷನ್, ಫ್ರೇಮ್ ವೇಗ, ಗುಣಮಟ್ಟದ ಹಂತಗಳ ಜೊತೆಗೆ ಅಪ್‌ಸ್ಕೇಲಿಂಗ್ ಆಯ್ಕೆಯೂ ನಮೂದಾಗಿತ್ತು. ಅಪ್‌ಸ್ಕೇಲಿಂಗ್ ಎಂದರೆ ಕಡಿಮೆ ಪಿಕ್ಸೆಲ್‌ಗಳಲ್ಲಿ ಚಿತ್ರ ಬಿಡಿಸಿ, ಅದನ್ನು ಲೆಕ್ಕಾಚಾರದಿಂದ ದೊಡ್ಡದು ಮಾಡಿ ತೋರಿಸುವ ವಿಧಾನ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ಈ ಬಗೆಯವು. ಇದರಿಂದ ಹಳೆಯ ಕಾರ್ಡ್‌ಗಳಿಗೆ ಜೀವ ಬಂದದ್ದು ನಿಜ, ಪಟ್ಟಿ ಓದುವುದು ಕಷ್ಟವಾದದ್ದೂ ನಿಜ. 2025ರ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಶಿಫಾರಸು ಸಾಲಿನಲ್ಲಿ ಹೇಳಿದ 60 ಫ್ರೇಮ್‌ಗಳು ಫ್ರೇಮ್ ಜನರೇಷನ್ ಬಳಸಿ ಬಂದವು, ಅಂದರೆ ಅವುಗಳಲ್ಲಿ ಒಂದಷ್ಟು ನಡುನಡುವೆ ಊಹಿಸಿ ತುಂಬಿದ ಚಿತ್ರಗಳು. ಅಂಕಿ 60 ಇದ್ದರೂ ಕೈಗೆ ಸಿಗುವ ಸ್ಪಂದನೆ ಅದಕ್ಕಿಂತ ಕಡಿಮೆ ವೇಗದ್ದು. ಅಡಿಟಿಪ್ಪಣಿ ಓದದವನಿಗೆ ಇದು ತಿಳಿಯುವುದಿಲ್ಲ.

ಹೊಸ್ತಿಲಿನ ಷರತ್ತುಗಳು

ಪಟ್ಟಿಯ ಅಂಶಗಳಲ್ಲಿ ಕೆಲವು ಹೊಸ್ತಿಲಿನಂಥವು: ದಾಟದಿದ್ದರೆ ಒಳಗೆ ಪ್ರವೇಶವಿಲ್ಲ. ಉಳಿದವು ಅಳತೆಯ ಪ್ರಶ್ನೆ. ಕಡಿಮೆಯಾದರೆ ಗೇಮ್ ಕುಂಟುತ್ತದೆ, ನಿಲ್ಲುವುದಿಲ್ಲ. ಕೊಳ್ಳುವ ಮುನ್ನ ಮೊದಲು ನೋಡಬೇಕಾದದ್ದು ಮೊದಲನೆಯ ಬಗೆಯನ್ನು. ಅವುಗಳಲ್ಲಿ ಗೇಮ್‌ನ ಸೆಟ್ಟಿಂಗ್ ಬದಲಿಸಿ ಪಾರಾಗುವ ದಾರಿ ಇರುವುದಿಲ್ಲ.

ಆಪರೇಟಿಂಗ್ ಸಿಸ್ಟಮ್ ಅಂಥದ್ದೊಂದು. ಹೊಸ ಗೇಮ್‌ಗಳಲ್ಲಿ ಹೆಚ್ಚಿನವು 64 ಬಿಟ್ ವಿಂಡೋಸ್ 10 ಅಥವಾ 11ನ್ನು ಕೇಳುತ್ತವೆ. ಎರಡನೆಯದು ಪ್ರೊಸೆಸರ್ ಅರಿಯಬೇಕಾದ ಆಜ್ಞಾ ಸಮೂಹ. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಬಿಡುಗಡೆಯಾದಾಗ ಎಎಂಡಿಯ ಫಿನಮ್ ಪ್ರೊಸೆಸರ್‌ಗಳಲ್ಲಿ ಅದು ನಡೆಯಲಿಲ್ಲ, ಎಸ್‌ಎಸ್‌ಇ 4.1 ಎಂಬ ಆಜ್ಞೆಗಳು ಆ ಚಿಪ್‌ಗೆ ತಿಳಿದಿರಲಿಲ್ಲ. ಮುಂದೆ ಪ್ಯಾಚ್ ಒಂದರಿಂದ ಸರಿಪಡಿಸಿದರು. 2014ರ ಫಾರ್ ಕ್ರೈ 4 ಎರಡೇ ಕೋರ್‌ಗಳ ಪ್ರೊಸೆಸರ್‌ಗಳಲ್ಲಿ ಕಪ್ಪು ಪರದೆ ತೋರಿಸಿ ಸುಮ್ಮನಾಗುತ್ತಿತ್ತು.

ಗ್ರಾಫಿಕ್ಸ್ ಕಾರ್ಡಿನ ಸೌಲಭ್ಯಗಳ ವಿಷಯ ಇನ್ನಷ್ಟು ಸೂಕ್ಷ್ಮ. ಡೈರೆಕ್ಟ್‌ಎಕ್ಸ್ 12 ಎಂಬ ಹೆಸರು ಸಾಫ್ಟ್‌ವೇರಿನದು. ಅದನ್ನು ವಿಂಡೋಸ್ ಜೊತೆ ಹಾಕಿಕೊಂಡ ಮಾತ್ರಕ್ಕೆ ಕಾರ್ಡಿಗೆ ಅದರ ಎಲ್ಲ ಸೌಲಭ್ಯ ಬರುವುದಿಲ್ಲ. ಕಾರ್ಡು ಯಾವ 'ಫೀಚರ್ ಲೆವೆಲ್' ತಲುಪಿದೆಯೆಂಬುದನ್ನು ಬೇರೆಯಾಗಿ ನೋಡಬೇಕು. ಆಲನ್ ವೇಕ್ 2 ಮೆಶ್ ಶೇಡರ್ ಎಂಬ ಸೌಲಭ್ಯವನ್ನು ಆಧರಿಸಿದ್ದರಿಂದ ಜಿಟಿಎಕ್ಸ್ 10 ಸರಣಿಯ ಕಾರ್ಡ್‌ಗಳು ಅದರಲ್ಲಿ ತೀರ ನಿಧಾನವಾದವು. 2024ರಲ್ಲಿ ಬಂದ ಪ್ಯಾಚ್ ಅವುಗಳ ಸ್ಥಿತಿಯನ್ನು ಸ್ವಲ್ಪ ಸುಧಾರಿಸಿತು. 2024ರ ಡಿಸೆಂಬರ್‌ನ ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶವನ್ನೇ ಕಡ್ಡಾಯ ಮಾಡಿತು. 2017ರಲ್ಲಿ ಎಲ್ಲರ ಕಣ್ಣು ಕುಕ್ಕಿದ್ದ, 11 ಜಿಬಿ ಮೆಮೊರಿಯ ಜಿಟಿಎಕ್ಸ್ 1080 ಟಿಐ ಇದರ ಹೊರಗುಳಿಯಿತು. ಅದಕ್ಕಿಂತ ಬಹಳ ಅಗ್ಗಕ್ಕೆ ಬಂದ ಆರ್‌ಎಕ್ಸ್ 6600 ಒಳಗೆ ಸೇರಿತು. 2025ರ ಡೂಮ್: ದ ಡಾರ್ಕ್ ಏಜಸ್ ಕೂಡ ಇದೇ ದಾರಿ ಹಿಡಿದಿದೆ.

ಆನ್‌ಲೈನ್ ಸ್ಪರ್ಧೆಯ ಗೇಮ್‌ಗಳಲ್ಲಿ ಇನ್ನೊಂದು ಹೊಸ್ತಿಲಿದೆ. ಮೋಸ ತಡೆಯುವ ಸಾಫ್ಟ್‌ವೇರಿಗಾಗಿ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಗೇಮ್ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಚಾಲೂ ಇರಬೇಕೆನ್ನುತ್ತದೆ. 2025ರ ಬ್ಯಾಟಲ್‌ಫೀಲ್ಡ್ 6 ಸಹ ಸೆಕ್ಯೂರ್ ಬೂಟ್ ಕೇಳುತ್ತದೆ. ಇವು ಯಂತ್ರದ ಬಲಕ್ಕೆ ಸಂಬಂಧಿಸಿದವಲ್ಲ. ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ ಒಂದು ಆಯ್ಕೆ ಬದಲಿಸಿದರೆ ಹಲವು ಸಲ ಕೆಲಸ ಆಗುತ್ತದೆ, ಹಳೆಯ ಬೋರ್ಡ್ ಆದರೆ ಆಗುವುದೇ ಇಲ್ಲ.

ಹೊಸ್ತಿಲು ಕೆಲವೊಮ್ಮೆ ಕೃತಕವೂ ಆಗಿರುತ್ತದೆ. 2013ರ ಕಾಲ್ ಆಫ್ ಡ್ಯೂಟಿ: ಗೋಸ್ಟ್ಸ್ 6 ಜಿಬಿ ಮೆಮೊರಿ ಇಲ್ಲದ ಯಂತ್ರಗಳಲ್ಲಿ ತೆರೆಯಲು ನಿರಾಕರಿಸುತ್ತಿತ್ತು. ಅದು ಬಳಸುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆಯೆಂದು ಆಟಗಾರರು ಕಂಡುಹಿಡಿದ ಮೇಲೆ ತಯಾರಕರೇ ಆ ತಡೆಯನ್ನು ತೆಗೆದರು.

ಅಳತೆಯ ಷರತ್ತುಗಳು

ಇನ್ನುಳಿದವುಗಳಲ್ಲಿ ಗ್ರಾಫಿಕ್ಸ್ ಕಾರ್ಡಿನದೇ ಮೇಲುಗೈ. ಎನ್‌ವಿಡಿಯಾದ ಈಚಿನ ಹೆಸರುಗಳಲ್ಲಿ ಮೊದಲ ಅಂಕಿಗಳು ಪೀಳಿಗೆಯನ್ನೂ ಕೊನೆಯ ಎರಡು ಅಂಕಿಗಳು ಆ ಪೀಳಿಗೆಯೊಳಗಿನ ದರ್ಜೆಯನ್ನೂ ಸೂಚಿಸುತ್ತವೆ. 3050ಕ್ಕಿಂತ 2080 ಚಿಕ್ಕ ಸಂಖ್ಯೆಯಾದರೂ ಬಲದಲ್ಲಿ ಬಹಳ ಮುಂದಿದೆ. ಸಂಖ್ಯೆ ದೊಡ್ಡದಿದ್ದರೆ ಕಾರ್ಡ್ ದೊಡ್ಡದೆಂದು ಭಾವಿಸುವುದು ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಹೆಸರು ಒಂದೇ ಇದ್ದೂ ಒಳಗೆ ಬೇರೆ ಇರುವ ಪ್ರಸಂಗಗಳೂ ಇವೆ. ಜಿಟಿಎಕ್ಸ್ 1060ರ 3 ಜಿಬಿ ಮತ್ತು 6 ಜಿಬಿ ರೂಪಗಳ ನಡುವೆ ಮೆಮೊರಿಯಲ್ಲಷ್ಟೇ ಅಲ್ಲ, ಲೆಕ್ಕ ಮಾಡುವ ಕೋರ್‌ಗಳ ಸಂಖ್ಯೆಯಲ್ಲೂ ವ್ಯತ್ಯಾಸವಿತ್ತು: 1152 ಮತ್ತು 1280. 2018ರಲ್ಲಿ ಜಿಟಿ 1030 ಎಂಬ ಅದೇ ಹೆಸರಿನಡಿ ಡಿಡಿಆರ್4 ಮೆಮೊರಿಯ ರೂಪವೊಂದು ಬಂತು. ಅದರ ಮೆಮೊರಿ ವೇಗ ಮೂಲ ಕಾರ್ಡಿನ ಮೂರನೇ ಒಂದರಷ್ಟು. ಪೆಟ್ಟಿಗೆಯ ಮೇಲಿನ ದಪ್ಪಕ್ಷರ ಮಾತ್ರ ಓದುವ ಗ್ರಾಹಕನಿಗೆ ಎರಡೂ ಒಂದೇ.

ಲ್ಯಾಪ್‌ಟಾಪಿನಲ್ಲಿ ಈ ಗೊಂದಲ ಇಮ್ಮಡಿ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ರಲ್ಲಿ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 4070ರಲ್ಲಿ 8 ಜಿಬಿ. ಆರ್‌ಟಿಎಕ್ಸ್ 4060ರ ಲ್ಯಾಪ್‌ಟಾಪ್ ರೂಪಕ್ಕೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಮಿತಿ ಇಡಬಹುದು, ಹಾಗಾಗಿ ತೆಳುವಾದ ಯಂತ್ರದ 4060 ದಪ್ಪ ಯಂತ್ರದ 4060ಕ್ಕೆ ಸಮನಲ್ಲ. ಗೇಮ್‌ಗಳ ಪಟ್ಟಿಯಲ್ಲಿ ಬರಿಯ ಹೆಸರಿದ್ದರೆ ಅದು ಸಾಮಾನ್ಯವಾಗಿ ಡೆಸ್ಕ್‌ಟಾಪ್ ಕಾರ್ಡ್ ಎಂದೇ ಓದಬೇಕು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಯುವಾಗ ಗ್ರಾಫಿಕ್ಸ್ ವೇಗ ಇಳಿಯುತ್ತದೆ, ಬಿಸಿಯಾದಾಗಲೂ ಅಷ್ಟೇ. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದ ಗೇಮ್ ಆಮೇಲೆ ತಡವರಿಸಲು ಹಲವು ಬಾರಿ ಕಾರಣ ಶಾಖವೇ.

ಪ್ರತ್ಯೇಕ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೆಲಸ ಮಾಡುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. 8 ಜಿಬಿಯ ಒಂದೇ ಮೆಮೊರಿ ಪಟ್ಟಿ ಇರುವ ಲ್ಯಾಪ್‌ಟಾಪಿಗೆ ಅಂಥದ್ದೇ ಇನ್ನೊಂದು ಸೇರಿಸಿದರೆ ಎರಡು ದಾರಿಗಳಲ್ಲಿ ಮಾಹಿತಿ ಹರಿದು ಗೇಮ್‌ನ ವೇಗ ಎದ್ದು ಕಾಣುವಂತೆ ಹೆಚ್ಚುತ್ತದೆ. ಹೊಸ ಕಾರ್ಡ್ ಕೊಳ್ಳಲಾಗದವರಿಗೆ, ಅದರಲ್ಲೂ ಲ್ಯಾಪ್‌ಟಾಪ್ ಇರುವವರಿಗೆ, ಇದಕ್ಕಿಂತ ಅಗ್ಗದ ಸುಧಾರಣೆ ಬೇರೆ ಇಲ್ಲ.

ಪ್ರೊಸೆಸರ್‌ಗಳಲ್ಲಿ 'ಐ7 ಇದೆ' ಎಂಬ ಮಾತಿಗೆ ಅಷ್ಟು ಬೆಲೆ ಇಲ್ಲ. 2016ರ ಕೋರ್ ಐ7-7500ಯು ಲ್ಯಾಪ್‌ಟಾಪ್ ಚಿಪ್. ಅದರಲ್ಲಿ ಎರಡೇ ಕೋರ್. ಮರುವರ್ಷ ಬಂದ ಡೆಸ್ಕ್‌ಟಾಪಿನ ಐ5-8400ರಲ್ಲಿ ಆರು. ಪೀಳಿಗೆಯ ಸಂಖ್ಯೆ ಮತ್ತು ಕೊನೆಯ ಅಕ್ಷರ, ಇವೆರಡನ್ನೂ ನೋಡದೆ ಹೋಲಿಕೆ ಸಾಧ್ಯವಿಲ್ಲ. ಗ್ರಾಫಿಕ್ಸ್ ಗುಣಮಟ್ಟವನ್ನು ಇಳಿಸಿ ಕಾರ್ಡಿನ ಹೊರೆ ತಗ್ಗಿಸಬಹುದು. ಪ್ರೊಸೆಸರಿನ ಹೊರೆ ಹಾಗೆ ಸುಲಭವಾಗಿ ತಗ್ಗುವುದಿಲ್ಲ. ನೂರಾರು ಪಾತ್ರಗಳು ಓಡಾಡುವ ನಗರ, ದೊಡ್ಡ ಸೈನ್ಯಗಳ ಯುದ್ಧ, ಇಂಥವುಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ಮೆಮೊರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: 8 ಜಿಬಿಯ ಕಾಲ ಮುಗಿಯುತ್ತ ಬಂದಿದೆ, ದೊಡ್ಡ ಗೇಮ್‌ಗಳು 16 ಕೇಳುತ್ತಿವೆ. ಡಿಸ್ಕಿನ ವಿಷಯದಲ್ಲಿ ಜಾಗದ ಜೊತೆಗೆ ಬಗೆಯೂ ಮುಖ್ಯವಾಗಿದೆ. 2015ರಲ್ಲಿ ಜಿಟಿಎ 5 ಪಿಸಿಗೆ ಬಂದಾಗ 65 ಜಿಬಿ ಕೇಳಿದ್ದೇ ದೊಡ್ಡ ಸುದ್ದಿ. 2023ರಲ್ಲಿ ಸ್ಟಾರ್‌ಫೀಲ್ಡ್ 125 ಜಿಬಿ, ಬಾಲ್ಡರ್ಸ್ ಗೇಟ್ 3 150 ಜಿಬಿ ಕೇಳಿದವು, ಎರಡೂ ಎಸ್‌ಎಸ್‌ಡಿ ಮೇಲೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇಂಥ ಗೇಮ್ ಇಟ್ಟರೆ ಬಹುತೇಕ ತೆರೆಯುತ್ತದೆ. ಆದರೆ ಗೋಡೆಗಳ ಚಿತ್ರ ತಡವಾಗಿ ಮೂಡುತ್ತದೆ, ಮಾತು ತುಟಿಯನ್ನು ಬಿಟ್ಟು ಓಡುತ್ತದೆ. ತಿಂಗಳಿಗಿಷ್ಟು ಡೇಟಾ ಎಂಬ ಮಿತಿ ಇರುವ ಇಂಟರ್‌ನೆಟ್ ಬಳಸುವವರು ಡೌನ್‌ಲೋಡ್ ಗಾತ್ರವನ್ನೂ ಬೆಲೆಯ ಭಾಗವೆಂದೇ ಎಣಿಸಬೇಕು.

ಸ್ವಂತ ಯಂತ್ರವನ್ನು ಅರಿಯುವುದು

ವಿಂಡೋಸ್‌ನಲ್ಲಿ ರನ್ ಕಿಟಕಿ ತೆರೆದು ಡಿಎಕ್ಸ್‌ಡಯಾಗ್ ಎಂದು ಕೊಟ್ಟರೆ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಮತ್ತು ಫೀಚರ್ ಲೆವೆಲ್‌ಗಳ ವಿವರ ಸಿಗುತ್ತದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟವೂ ಬಹಳಷ್ಟನ್ನು ತೋರಿಸುತ್ತದೆ. ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಗುರುತಿಸಿಕೊಳ್ಳಬೇಕು, ಇಲ್ಲವಾದರೆ ದುರ್ಬಲವಾದದ್ದನ್ನು ನೋಡಿ ನಿರಾಶೆ ಪಡುವುದು ಅಥವಾ ಗೇಮ್ ಅದರಲ್ಲೇ ನಡೆಯುತ್ತಿರುವುದು ತಿಳಿಯದೇ ಹೋಗುವುದು ಉಂಟು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ಆನ್‌ಲೈನ್ ಮಾರುಕಟ್ಟೆಯಲ್ಲಾಗಲಿ, ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಂಡವರಿಗೆ ಇನ್ನೊಂದು ಪರೀಕ್ಷೆ ಅಗತ್ಯ. ಹಳೆಯ ಕಾರ್ಡಿನ ಬಯೋಸ್ ಎಂಬ ಒಳಗಿನ ಸಾಫ್ಟ್‌ವೇರ್ ತಿದ್ದಿ ಅದು ತನ್ನನ್ನು ಹೊಸ ಮಾದರಿಯೆಂದು ಹೇಳಿಕೊಳ್ಳುವಂತೆ ಮಾಡುವ ನಕಲಿಗಳು ಜಗತ್ತಿನಾದ್ಯಂತ ಚಲಾವಣೆಯಲ್ಲಿವೆ. ವಿಂಡೋಸ್ ಅಂಥ ಕಾರ್ಡಿನ ಮಾತನ್ನು ನಂಬಿಬಿಡುತ್ತದೆ. ಜಿಪಿಯು-ಝಡ್ ಎಂಬ ಉಚಿತ ಸಾಧನ ಚಿಪ್ಪನ್ನೇ ಪರಿಶೀಲಿಸಿ, ಇಂಥ ಹಲವು ಕಾರ್ಡ್‌ಗಳ ಹೆಸರಿನ ಮುಂದೆ ನಕಲಿ ಎಂದು ಬರೆಯುತ್ತದೆ.

ಹೋಲಿಕೆಯ ದಾರಿಗಳು

ಪಟ್ಟಿಯಲ್ಲಿರುವ ಕಾರ್ಡೇ ಕೈಯಲ್ಲಿರುವುದು ಅಪರೂಪ. ತಯಾರಕರು ಒಂದೆರಡು ಮಾದರಿಗಳನ್ನಷ್ಟೇ ಹೆಸರಿಸುತ್ತಾರೆ. ಸ್ಟೀಮ್ ಮಳಿಗೆಯ ಯಂತ್ರಾಂಶ ಸಮೀಕ್ಷೆಯಲ್ಲಿ ಜಿಟಿಎಕ್ಸ್ 1060 ಹಲವು ವರ್ಷ ಮೊದಲ ಸ್ಥಾನದಲ್ಲಿದ್ದುದರಿಂದ ಆ ಕಾಲದ ಪಟ್ಟಿಗಳಲ್ಲೆಲ್ಲ ಅದೇ ಹೆಸರು ಕಾಣುತ್ತದೆ. ತನ್ನ ಕಾರ್ಡ್ ಅದಕ್ಕಿಂತ ಮೇಲೋ ಕೆಳಗೋ ಎಂದು ತಿಳಿಯಲು ಪಾಸ್‌ಮಾರ್ಕ್, 3ಡಿಮಾರ್ಕ್ ಎಂಬ ವೇಗ ಪರೀಕ್ಷೆಗಳ ಅಂಕಗಳು ಒರಟಾದ ಅಂದಾಜು ಕೊಡುತ್ತವೆ. 'ಕ್ಯಾನ್ ಯು ರನ್ ಇಟ್' ಮುಂತಾದ ಸೇವೆಗಳು ಯಂತ್ರವನ್ನು ತಾವೇ ಓದಿ ಪಟ್ಟಿಯೊಡನೆ ತಾಳೆ ನೋಡಿ ಪಾಸು, ಫೇಲು ಹೇಳುತ್ತವೆ. ತಯಾರಕರ ಪಟ್ಟಿಯಲ್ಲಿ ಇಲ್ಲದ ಸತ್ಯ ಇವುಗಳಿಗೂ ಗೊತ್ತಿರುವುದಿಲ್ಲ. ಹೊಸ್ತಿಲನ್ನು ಪರೀಕ್ಷಿಸಲು ಇವು ಸಾಕು, ಅನುಭವ ಹೇಗಿರುತ್ತದೆಂದು ಹೇಳಲು ಸಾಲವು.

ಅದಕ್ಕೆ ಒಳ್ಳೆಯ ಆಧಾರವೆಂದರೆ ಅದೇ ಕಾರ್ಡ್, ಅದಕ್ಕೆ ಹತ್ತಿರದ ಪ್ರೊಸೆಸರ್ ಇರುವ ಯಂತ್ರದಲ್ಲಿ ಅದೇ ಗೇಮ್ ಆಡಿ ತೋರಿಸಿದ ವೀಡಿಯೊಗಳು. ನೋಡುವಾಗ ರೆಸಲ್ಯೂಷನ್, ಗುಣಮಟ್ಟದ ಹಂತ, ಅಪ್‌ಸ್ಕೇಲಿಂಗ್ ಮೂರೂ ನಮೂದಾಗಿವೆಯೇ ಎಂದು ಗಮನಿಸಬೇಕು. ಸರಾಸರಿ ಫ್ರೇಮ್ ವೇಗಕ್ಕಿಂತ ಅತಿ ನಿಧಾನವಾದ ಶೇಕಡಾ 1ರಷ್ಟು ಫ್ರೇಮ್‌ಗಳ ಅಂಕಿ ಹೆಚ್ಚು ಪ್ರಾಮಾಣಿಕ. ಕಣ್ಣಿಗೆ ಚುಚ್ಚುವ ಜರ್ಕ್‌ಗಳು ಅಲ್ಲೇ ಕಾಣುವುದು. ಬಿಡುಗಡೆಯ ದಿನದ ವೀಡಿಯೊಗಳು ಆರು ತಿಂಗಳ ನಂತರದ ಸ್ಥಿತಿಯನ್ನು ಹೇಳುವುದಿಲ್ಲ. 2015ರ ಬ್ಯಾಟ್‌ಮನ್: ಆರ್ಕಮ್ ನೈಟ್‌ನ ಪಿಸಿ ಆವೃತ್ತಿ ಪಟ್ಟಿಗಿಂತ ಮೇಲಿನ ಯಂತ್ರಗಳಲ್ಲೂ ತೊಡರಿ, ಮಾರಾಟದಿಂದಲೇ ಹಿಂತೆಗೆಯಲ್ಪಟ್ಟು ತಿಂಗಳುಗಳ ನಂತರ ಮರಳಿತು. ಅಲ್ಲಿ ದೋಷ ಕೊಳ್ಳುವವರ ಯಂತ್ರದ್ದಾಗಿರಲಿಲ್ಲ.

ಕೆಲವು ತಯಾರಕರು ಗೇಮ್‌ಗೂ ಮುಂಚೆ ಯಂತ್ರದ ವೇಗ ಅಳೆಯುವ ಉಚಿತ ಬೆಂಚ್‌ಮಾರ್ಕ್ ಸಾಧನ ಬಿಡುತ್ತಾರೆ. 2024ರಲ್ಲಿ ಬ್ಲ್ಯಾಕ್ ಮಿಥ್: ವುಕಾಂಗ್, 2025ರಲ್ಲಿ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಹಾಗೆ ಮಾಡಿದವು. ಯಾವ ಪಟ್ಟಿಗಿಂತಲೂ ಇದು ಮೇಲು. ಡೆಮೊ ಇದ್ದರೆ ಅದೂ ಅಷ್ಟೇ ಒಳ್ಳೆಯದು. ಸ್ಟೀಮ್ ಡೆಕ್ ಎಂಬ ಕೈಯಂತ್ರಕ್ಕಾಗಿ ವಾಲ್ವ್ ಸಂಸ್ಥೆ ಗೇಮ್‌ಗಳನ್ನು ಪರೀಕ್ಷಿಸಿ ವೆರಿಫೈಡ್, ಪ್ಲೇಯಬಲ್ ಎಂಬ ದರ್ಜೆಗಳನ್ನು ಕೊಡುತ್ತದೆ. ಯಂತ್ರಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಲ್ಲಿ ಇದು ಸಾಧ್ಯವಾಗಿದೆ. ಲಿನಕ್ಸ್ ಬಳಸುವವರು ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಇತರ ಬಳಕೆದಾರರ ವರದಿಗಳನ್ನು ನೋಡುತ್ತಾರೆ.

ಕೊಂಡ ಮೇಲೆ

ಎಲ್ಲ ಲೆಕ್ಕ ತಪ್ಪಿದರೆ ಉಳಿಯುವುದು ಮರುಪಾವತಿ. 2015ರಿಂದ ಸ್ಟೀಮ್ ಕೊಂಡ 14 ದಿನಗಳೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆಯಿದ್ದರೆ ಕಾರಣ ಕೆದಕದೆ ಹಣ ಹಿಂದಿರುಗಿಸುತ್ತದೆ. ಎಪಿಕ್ ಮಳಿಗೆಯದೂ ಬಹುಮಟ್ಟಿಗೆ ಇದೇ ನಿಯಮ. ಜಿಒಜಿ 30 ದಿನ ಕೊಡುತ್ತದೆ. ಡೌನ್‌ಲೋಡ್ ಸಮಯ ಈ 2 ಗಂಟೆಯಲ್ಲಿ ಸೇರುವುದಿಲ್ಲ. ಆದರೆ ಗೇಮ್ ತೆರೆದ ಮೇಲೆ ಶೇಡರ್‌ಗಳನ್ನು, ಅಂದರೆ ಗ್ರಾಫಿಕ್ಸ್ ಚಿಪ್‌ನ ಚಿಕ್ಕ ಪ್ರೋಗ್ರಾಂಗಳನ್ನು, ಸಿದ್ಧಪಡಿಸುತ್ತ ಕುಳಿತ ಸಮಯ ಸೇರುತ್ತದೆ. 2023ರ ದ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಯಲ್ಲಿ ಬಂದಾಗ ನಿಧಾನವಾದ ಪ್ರೊಸೆಸರ್‌ಗಳಲ್ಲಿ ಈ ಸಿದ್ಧತೆಯೇ ಆ ಅವಧಿಯ ದೊಡ್ಡ ಪಾಲನ್ನು ನುಂಗಿತು. ಆದ್ದರಿಂದ ಹೊಸ ಗೇಮ್‌ನ ಮೊದಲ ಅವಧಿಯನ್ನು ಕಥೆಗಿಂತ ಪರೀಕ್ಷೆಗೆ ಮೀಸಲಿಡುವುದು ಲಾಭಕರ: ಸೆಟ್ಟಿಂಗ್‌ಗಳನ್ನು ಏರಿಳಿಸಿ ನೋಡುವುದು, ಜನನಿಬಿಡ ದೃಶ್ಯವೊಂದನ್ನು ತಲುಪುವುದು, ಯಂತ್ರ ಬಿಸಿಯಾಗಲು ಬಿಡುವುದು.

ಅಗತ್ಯಗಳು ಕೊಂಡ ದಿನಕ್ಕೆ ನಿಂತು ಹೋಗುವುದಿಲ್ಲ. 2020ರಲ್ಲಿ ಬಂದ ಸೈಬರ್‌ಪಂಕ್ 2077ರ ಕನಿಷ್ಠ ಕಾರ್ಡ್ ಜಿಟಿಎಕ್ಸ್ 780 ಆಗಿತ್ತು, ಮೆಮೊರಿ 8 ಜಿಬಿ. 2023ರಲ್ಲಿ 2.0 ಅಪ್‌ಡೇಟ್‌ಗಾಗಿ ಅದನ್ನು 6 ಜಿಬಿಯ ಜಿಟಿಎಕ್ಸ್ 1060ಕ್ಕೂ 12 ಜಿಬಿ ಮೆಮೊರಿಗೂ ಏರಿಸಿ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಬೇಕೆಂದರು. ಅದೇ ವರ್ಷ ಕೌಂಟರ್ ಸ್ಟ್ರೈಕ್: ಜಿಒ ಜಾಗದಲ್ಲಿ ಕೌಂಟರ್ ಸ್ಟ್ರೈಕ್ 2 ಬಂದಾಗ ಮ್ಯಾಕ್, 32 ಬಿಟ್ ಸಿಸ್ಟಮ್ ಮತ್ತು ಡೈರೆಕ್ಟ್‌ಎಕ್ಸ್ 9 ಕಾರ್ಡ್‌ಗಳಿಗೆ ಬೆಂಬಲ ನಿಂತಿತು. 2024ರ ಜನವರಿ 1ರಿಂದ ಸ್ಟೀಮ್ ಸ್ವತಃ ವಿಂಡೋಸ್ 7 ಮತ್ತು 8ರ ಕೈಬಿಟ್ಟಿತು. ಹೀಗಾಗಿ ವರ್ಷಗಟ್ಟಲೆ ಅಪ್‌ಡೇಟ್ ಆಗುತ್ತಲೇ ಇರುವ ಗೇಮ್ ಕೊಳ್ಳುವಾಗ ಕನಿಷ್ಠ ಸಾಲಿಗೆ ಅಂಚಿನಲ್ಲಿ ತಾಗುವ ಯಂತ್ರವನ್ನು ನೆಚ್ಚುವಂತಿಲ್ಲ. ಒಮ್ಮೆ ಬಿಡುಗಡೆಯಾಗಿ ಹಾಗೆಯೇ ಉಳಿಯುವ, ಒಬ್ಬರೇ ಆಡುವ ಗೇಮ್‌ಗಳಲ್ಲಿ ಆ ಅಪಾಯ ಕಡಿಮೆ.